ಯಂತ್ರ ಏಜೆಂಟನಿಗೆ ಒದಗಿಸುವ ಉಪಕರಣ ವಿವರಣೆಗಳನ್ನು ಪರೀಕ್ಷಿಸುವ ಕ್ರಮ

ಕೃತಕ ಬುದ್ಧಿಮತ್ತೆಯೆಂಬ ಗಣಕಯಂತ್ರ ವಿದ್ಯೆಯು ಈಚಿನ ವರುಷಗಳಲ್ಲಿ ವ್ಯವಸಾಯಗಾರರ ಬಾಗಿಲಿಗೂ ಬಂದಿರುವುದು. 2023ನೆಯ ಇಸವಿ ಸೆಪ್ಟೆಂಬರಿನಲ್ಲಿ ಭಾರತ ಸರಕಾರದವರು ಪಿ. ಎಂ. ಕಿಸಾನ್ ಸಹಾಯಧನದ ಬಗ್ಗೆ ರೈತರು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡುವುದಕ್ಕಾಗಿ ಕಿಸಾನ್ ಇ-ಮಿತ್ರ ಎಂಬ ಸಾಧನವನ್ನು ಆರಂಭಿಸಿದರು. ಕೇಳಿದ್ದಕ್ಕೆ ಉತ್ತರ ಹೇಳುವುದಲ್ಲದೆ ದಾಖಲೆಯನ್ನು ಹುಡುಕಿ, ಲೆಕ್ಕ ಹಾಕಿ, ಅರ್ಜಿಯನ್ನೂ ತುಂಬಬಲ್ಲ ತಂತ್ರಾಂಶಗಳು ಈಗ ಉಂಟು. ಯಜಮಾನನ ಪರವಾಗಿ ಗುಮಾಸ್ತೆಯು ಕೆಲಸ ನಡೆಸುವಂತೆ ಇವು ನಡೆಸುವುದರಿಂದ ಇವನ್ನು ಏಜೆಂಟ್ ಎನ್ನುವರು. ಇಂಥ ಏಜೆಂಟನ ಮಾತನ್ನು ನಂಬಿ ಗೊಬ್ಬರ ತರಿಸುವ, ವಿಮೆಯ ಕಂತು ಕಟ್ಟುವ ಸಂದರ್ಭ ಒದಗಿರುವುದರಿಂದ, ಅದು ಎಲ್ಲಿ ಎಡವುವುದೆಂಬುದನ್ನು ಗ್ರಾಮದ ಮುಖ್ಯಸ್ಥರೂ ಹಿಡುವಳಿದಾರರೂ ತಿಳಿದಿರುವುದು ಅವಶ್ಯ.

ಏಜೆಂಟನು ಎಲ್ಲವನ್ನೂ ತಾನೇ ಬಲ್ಲವನಲ್ಲ. ಪಹಣಿ ತೆಗೆಯುವುದು, ಹವೆಯನ್ನು ತಿಳಿಯುವುದು, ಮಂಡಿಯ ಧಾರಣೆ ನೋಡುವುದು, ಇವು ಬೇರೆ ಬೇರೆ ತಂತ್ರಾಂಶಗಳ ಕೆಲಸ. ಇವಕ್ಕೆ ಉಪಕರಣಗಳೆಂದು ಹೆಸರು. ಅವುಗಳ ಒಳಗಿನ ರಚನೆಯು ಸಾಮಾನ್ಯವಾಗಿ ಏಜೆಂಟನಿಗೆ ಕಾಣುವುದಿಲ್ಲ. ಉಪಕರಣದ ಹೆಸರು, ಅದರ ವಿವರಣೆ, ಅದಕ್ಕೆ ತುಂಬಿಕೊಡಬೇಕಾದ ಬಾಬುಗಳು, ಇಷ್ಟೇ ಕಾಣುವುದು. 2024ನೆಯ ನವೆಂಬರಿನಲ್ಲಿ ಅಮೆರಿಕದ ಆಂಥ್ರೊಪಿಕ್ ಸಂಸ್ಥೆಯವರು ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಎಂಬ ಪದ್ಧತಿಯಲ್ಲಿಯೂ ಏರ್ಪಾಡು ಹೀಗೆಯೇ ಇರುವುದು.

ಹೊಸ ಆಳನ್ನು ಉಗ್ರಾಣಕ್ಕೆ ಕಳುಹಿಸಿ, ಡಬ್ಬಿಯ ಮೇಲಣ ಚೀಟಿಯನ್ನು ಮಾತ್ರ ಓದಿ ಔಷಧಿಯನ್ನು ತರಹೇಳಿದಂತೆ ಇದು. ಹಳ್ಳಿಗಳಲ್ಲಿ ಬೂದಿ ರೋಗಕ್ಕೆ ಹೊಡೆಯುವುದೂ ಔಷಧಿಯೇ, ಹುಳುವಿಗೆ ಹೊಡೆಯುವುದೂ ಔಷಧಿಯೇ, ಕಳೆಯನ್ನು ಸುಡುವುದೂ ಔಷಧಿಯೇ. ಚೀಟಿಯಲ್ಲಿ "ಹೊಲಕ್ಕೆ ಸಿಂಪಡಿಸುವ ಔಷಧಿ" ಎಂದಿಷ್ಟೇ ಇದ್ದಲ್ಲಿ ಕಳೆನಾಶಕವು ನಿಂತ ಪೈರಿನ ಮೇಲೆ ಬಿದ್ದೀತು. ಅದಕ್ಕೆ ಆಳನ್ನು ಬೈದು ಫಲವಿಲ್ಲ.

ಜಮೀನಿನ ವಿಸ್ತೀರ್ಣದ ಬಾಬನ್ನೇ ನೋಡಬಹುದು. ಹಿಡುವಳಿದಾರನೊಬ್ಬನ ಪಹಣಿಯಲ್ಲಿ 2 ಎಕರೆ 20 ಗುಂಟೆ ಇರುವುದೆಂದು ಭಾವಿಸಿದರೆ, ಎಕರೆಗೆ 40 ಗುಂಟೆಯಾದುದರಿಂದ ದಶಾಂಶದಲ್ಲಿ ಅದು 2.5 ಎಕರೆ. ಉಪಕರಣದ ವಿವರಣೆಯಲ್ಲಿ "ವಿಸ್ತೀರ್ಣವನ್ನು ಕೊಡತಕ್ಕದ್ದು" ಎಂದು ಮಾತ್ರ ಬರೆದಿದ್ದರೆ ಏಜೆಂಟನು 2.20 ಎಂದು ತುಂಬಬಹುದು. ಅಲ್ಲಿಗೆ 12 ಗುಂಟೆ ಭೂಮಿ ಲೆಕ್ಕದಿಂದ ಜಾರಿತು. ಉಪಕರಣವು ಹೆಕ್ಟೇರನ್ನು ನಿರೀಕ್ಷಿಸುತ್ತಿದ್ದು ಏಜೆಂಟನು 2.5 ಎಂದು ಬರೆದರೆ, ಅದೇ ಜಮೀನು ಸುಮಾರು 6 ಎಕರೆ 7 ಗುಂಟೆಯಾಗಿ ಬೆಳೆದು, ಗೊಬ್ಬರದ ಲೆಕ್ಕವು ಎರಡರಷ್ಟನ್ನೂ ಮೀರುವುದು. ಯಂತ್ರವು ಇದನ್ನು ತಪ್ಪೆಂದು ಕೂಗಿ ಹೇಳುವುದಿಲ್ಲ. ಅಂಕಿಯು ಬರುವುದು, ನಯವಾದ ಮಾತಿನಲ್ಲಿಯೇ ಬರುವುದು.

ವಿವರಣೆಯು ಚೆನ್ನಾಗಿದೆಯೇ ಎಂಬುದನ್ನು ಬಲ್ಲವರೊಬ್ಬರು ಓದಿ ನಿರ್ಣಯಿಸಿದರೆ ಸಾಲದು. ಬಲ್ಲವನು ಬಿಟ್ಟುಹೋದ ಮಾತನ್ನು ತನ್ನ ತಿಳಿವಳಿಕೆಯಿಂದಲೇ ತುಂಬಿಕೊಂಡು ಓದಿಬಿಡುವನು. ಏಜೆಂಟನಿಗೇ ಕೆಲಸ ಕೊಟ್ಟು ನೋಡಬೇಕು. ರೈತರು ನಿಜವಾಗಿ ಕೇಳುವಂಥ, ಸರಿಯುತ್ತರವು ದಾಖಲೆಯಿಂದ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನು ಆರಿಸಿ, ಏಜೆಂಟನು ಯಾವ ಉಪಕರಣವನ್ನು ಎತ್ತಿಕೊಂಡನು, ಯಾವ ಬಾಬಿಗೆ ಏನನ್ನು ತುಂಬಿದನು, ಎಷ್ಟು ಸಲ ದಾರಿ ತಪ್ಪಿ ಅಲೆದನು ಎಂಬುದನ್ನು ಬರೆದಿಡಬೇಕು. ಯಾವ ಉಪಕರಣವೂ ಬೇಡವಾದ ಪ್ರಶ್ನೆಗಳೂ ನಡುವೆ ಇರಬೇಕು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿ ಕೇಂದ್ರದವರು 2024ರಲ್ಲಿ ಆರಂಭಿಸಿದ ಪರೀಕ್ಷೆಯಲ್ಲಿ ಇಂಥವೂ ಸೇರಿವೆ. ಒಂದೇ ಪ್ರಶ್ನೆಗೆ ಏಜೆಂಟನು ಪ್ರತಿಸಲವೂ ಒಂದೇ ರೀತಿ ನಡೆಯುವನೆಂಬ ಭರವಸೆಯಿಲ್ಲ. ಆದಕಾರಣ ಅದನ್ನು ಹಲವು ಸಲ ಕೇಳತಕ್ಕದ್ದು. ಅದೇ ವರುಷದ ಟೌ-ಬೆಂಚ್ ಎಂಬ ಪರೀಕ್ಷೆಯು ಎಲ್ಲ ಸಲವೂ ಸರಿಯಾಯಿತೇ ಎಂಬುದನ್ನೇ ಅಳೆಯುವುದು.

ಪ್ರಯೋಗದ ತಾಕುಗಳಲ್ಲಿ ಬೀಜವನ್ನೂ ಗೊಬ್ಬರವನ್ನೂ ಒಟ್ಟಿಗೆ ಬದಲಾಯಿಸಿದರೆ ಇಳುವರಿ ಯಾವುದರಿಂದ ಹೆಚ್ಚಿತೆಂದು ತಿಳಿಯಲಾರದಷ್ಟೆ. ಇಲ್ಲಿಯೂ ಏಜೆಂಟನನ್ನೂ ಪ್ರಶ್ನೆಗಳನ್ನೂ ಹಾಗೆಯೇ ಇಟ್ಟು ವಿವರಣೆಯೊಂದನ್ನೇ ತಿದ್ದಬೇಕು. ಕೆಲವು ಪ್ರಶ್ನೆಗಳನ್ನು ತಿದ್ದುವವರ ಕಣ್ಣಿಗೆ ಬೀಳದಂತೆ ಕಡೆಯ ಪರೀಕ್ಷೆಗೆ ಮೀಸಲಿಡಬೇಕು.

ಇದರಿಂದ ಬಂದ ಪ್ರಯೋಜನವು ಊಹೆಯಲ್ಲ. ಮೇಲೆ ಹೇಳಿದ ಆಂಥ್ರೊಪಿಕ್ ಸಂಸ್ಥೆಯವರ ಏಜೆಂಟನು ಅಂತರಜಾಲದಲ್ಲಿ ಹುಡುಕುವಾಗ ಪ್ರಶ್ನೆಗೆ ಬೇಡದಿದ್ದರೂ "2025" ಎಂಬ ಅಂಕಿಯನ್ನು ಸೇರಿಸುತ್ತಿದ್ದು, ಫಲಿತಾಂಶಗಳು ಕೆಡುತ್ತಿದ್ದುವು. ಉಪಕರಣದ ವಿವರಣೆಯನ್ನು ತಿದ್ದಿ ಅದನ್ನು ದಾರಿಗೆ ತಂದರೆಂದು ಅವರೇ ಆ ವರುಷ ಪ್ರಕಟಿಸಿದರು. 2024ರಲ್ಲಿ ಅವರು ತಿಳಿಸಿದ ಇನ್ನೊಂದು ಸಂಗತಿಯಲ್ಲಿ, ಕಡತವಿರುವ ಸ್ಥಳವನ್ನು ಅರ್ಧ ವಿಳಾಸದಿಂದ ಹೇಳುತ್ತಿದ್ದಾಗ ಏಜೆಂಟನು ತಪ್ಪುತ್ತಿದ್ದನು. ಪೂರ್ತಿ ವಿಳಾಸವನ್ನೇ ಕೊಡಬೇಕೆಂದು ಕಡ್ಡಾಯ ಮಾಡಿದ ಮೇಲೆ ಆ ತಪ್ಪು ನಿಂತಿತು. ಊರಿನವನಿಗೆ "ಕೆರೆಯ ಕೆಳಗಿನ ಗದ್ದೆ" ಎಂದರೆ ಸಾಕು. ಪರಸ್ಥಳದವನಿಗೆ ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಎಲ್ಲವೂ ಬೇಕು.

ಹಾಗೆಂದು ವಿವರಣೆಯನ್ನು ಪುರಾಣದಂತೆ ಬೆಳೆಸುವುದೂ ಸಲ್ಲದು. ಏಜೆಂಟನ ಗಮನಕ್ಕೆ ಮಿತಿಯುಂಟು. ಅಲ್ಲದೆ ವಿವರಣೆಯೆಲ್ಲವೂ ಪ್ರಾಮಾಣಿಕವಾದುದೆಂದು ತಿಳಿಯಬಾರದು. ವಿವರಣೆಯೊಳಗೆ ಗುಪ್ತ ಆಜ್ಞೆಗಳನ್ನು ಅಡಗಿಸಿ ಏಜೆಂಟನಿಂದ ಯಜಮಾನನ ಖಾಸಗಿ ವಿಷಯಗಳನ್ನು ಹೊರಗೆ ಕಳುಹಿಸಬಹುದೆಂದು ಇನ್ವೇರಿಯಂಟ್ ಲ್ಯಾಬ್ಸ್ ಎಂಬವರು 2025ರ ಏಪ್ರಿಲಿನಲ್ಲಿ ತೋರಿಸಿಕೊಟ್ಟರು.

ಗ್ರಾಮದಲ್ಲಿ ಇಂಥ ಸಾಧನವನ್ನು ಉಪಯೋಗಕ್ಕೆ ತರುವ ಮೊದಲು ಮುಖ್ಯಸ್ಥರು ಗುಂಟೆಗಳಿರುವ ನಾಲ್ಕಾರು ಪಹಣಿಗಳನ್ನು ಎದುರಿಗಿಟ್ಟುಕೊಂಡು, ಅದೇ ಪ್ರಶ್ನೆಯನ್ನು ಎಕರೆಯಲ್ಲೊಮ್ಮೆ, ಹೆಕ್ಟೇರಿನಲ್ಲೊಮ್ಮೆ, ಆಡುಮಾತಿನಲ್ಲೊಮ್ಮೆ ಕೇಳಿ ಉತ್ತರಗಳನ್ನು ತಾಳೆ ನೋಡತಕ್ಕದ್ದು. ವ್ಯತ್ಯಾಸ ಕಂಡಲ್ಲಿ ಕೇಳಿದ ಮಾತನ್ನೂ ಬಂದ ಉತ್ತರವನ್ನೂ ಹಾಗೆಯೇ ಬರೆದು ಸಾಧನವನ್ನು ಒದಗಿಸಿದವರಿಗೆ ಕಳುಹಿಸಬೇಕು. ಏಜೆಂಟನು ತುಂಬಿದ ವಿಮೆಯ ಅರ್ಜಿಯಲ್ಲಿ ವಿಸ್ತೀರ್ಣದ ಅಂಕಿಯನ್ನೂ ಅದರ ಮಾನವನ್ನೂ ಪಹಣಿಯೊಡನೆ ಹೋಲಿಸಿದ ನಂತರವೇ ಒಪ್ಪಿಗೆ ಕೊಡತಕ್ಕದ್ದು.