ಬೆನ್ನುಹುರಿಗೆ ಬಿದ್ದ ಪೆಟ್ಟು

ಅಡಕೆಯ ಕೊಯ್ಲಿನ ಕಾಲ ಬಂದಿತೆಂದರೆ ಮಲೆನಾಡಿನಲ್ಲಿ ಮರದಿಂದ ಬಿದ್ದವರ ವಾರ್ತೆ ಕಿವಿಗೆ ಬೀಳದೆ ಹೋಗುವುದಿಲ್ಲ. ಬಯಲುಸೀಮೆಯಲ್ಲಿ ತೆಂಗಿನ ಮರವೋ ಬಾವಿಯೋ, ಪಟ್ಟಣಗಳಲ್ಲಿ ಮೋಟಾರು ವಾಹನವೋ ಕಟ್ಟಡದ ಸಾರುವೆಯೋ ಕಾರಣವಾಗಬಹುದು. ಬಿದ್ದವನಿಗೆ ಎಷ್ಟೋ ವೇಳೆ ಎಚ್ಚರ ತಪ್ಪಿರುವುದಿಲ್ಲ, ರಕ್ತವೂ ಸುರಿದಿರುವುದಿಲ್ಲ, ಆದರೆ ಕಾಲುಗಳು ಇದ್ದೂ ಇಲ್ಲದಂತಾಗಿರುವುವು. ನೆರೆಹೊರೆಯವರು ಕನಿಕರದಿಂದ ಓಡಿಬಂದು, ಒಬ್ಬರು ಕಂಕುಳಿಗೂ ಒಬ್ಬರು ಕಾಲಿಗೂ ಕೈಕೊಟ್ಟು ಎತ್ತಿ, ನೀರು ಕುಡಿಸಿ, ಸಿಕ್ಕಿದ ಗಾಡಿಯಲ್ಲಿ ಕುಳ್ಳಿರಿಸಿ ಕರೆದೊಯ್ಯುವರು. ಈ ಕನಿಕರವೇ ಒಮ್ಮೊಮ್ಮೆ ಅವನ ಪಾಲಿಗೆ ಎರಡನೆಯ ಪೆಟ್ಟಾಗುವುದು. ಹೀಗೇಕೆಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ತಿಳಿದಿರಬೇಕಾದುದರಿಂದ ನಾವು ಈ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಬೆನ್ನುಮೂಳೆಯೆಂಬುದು ಒಂದೇ ಮೂಳೆಯಲ್ಲ. ಮಣಿಗಳಂತೆ ಒಂದರ ಮೇಲೊಂದು ಕುಳಿತಿರುವ ಮೂಳೆಗಳ ಸಾಲು. ಅದರೊಳಗಣ ಕೊಳವೆಯಲ್ಲಿ ಕಿರುಬೆರಳಿನಷ್ಟು ದಪ್ಪನಾದ, ಸುಮಾರು ೪೫ ಸೆಂಟಿಮೀಟರು ಉದ್ದದ ಮೃದುವಾದ ಹುರಿಯೊಂದು ಮೆದುಳಿನಿಂದ ಇಳಿದು ಸೊಂಟದ ಮೇಲ್ಭಾಗದವರೆಗೆ ಬರುವುದು. ಅದರಿಂದ ಎಡಬಲಗಳಿಗೆ ೩೧ ಜೊತೆ ನರಗಳು ಹೊರಡುವುವು. ಮೆದುಳಿನ ಅಪ್ಪಣೆಗಳು ಅಂಗಾಂಗಗಳಿಗೆ ಇಳಿಯುವುದೂ, ಬಿಸಿ, ತಂಪು, ನೋವುಗಳ ಸಮಾಚಾರವು ಮೇಲಕ್ಕೆ ಏರುವುದೂ ಈ ದಾರಿಯಲ್ಲಿಯೇ. ಹುರಿಗೆ ಪೆಟ್ಟಾದಾಗ ಪೆಟ್ಟಿನ ಮೇಲಣ ಭಾಗವು ಮೊದಲಿನಂತೆಯೇ ಇರುವುದು. ಕೆಳಗಣ ಭಾಗಕ್ಕೂ ಮೆದುಳಿಗೂ ಇದ್ದ ಸಂಪರ್ಕವು ಕಡಿಯುವುದು. ಪೆಟ್ಟು ಕುತ್ತಿಗೆಯಲ್ಲಾದರೆ ಕೈಕಾಲು ನಾಲ್ಕೂ, ಅದಕ್ಕಿಂತ ಕೆಳಗಾದರೆ ಕಾಲುಗಳೂ ಬಲಗುಂದುವುವು. ಕೆಲವರಲ್ಲಿ ಎಲ್ಲವೂ ಹೋಗುವುದು. ಕೆಲವರಲ್ಲಿ ಸ್ವಲ್ಪ ಸ್ಪರ್ಶವೋ ಚಲನೆಯೋ ಉಳಿಯುವುದು.

ಹುರಿಯು ಕತ್ತರಿಸಿದಂತೆ ಎರಡು ತುಂಡಾಗುವುದು ಅಪರೂಪ. ಸಾಧಾರಣವಾಗಿ ಅದು ಜಜ್ಜಿಹೋಗುವುದು. ಬಳಿಕ ರಕ್ತ ಒಸರಿ, ಊತವೇರಿ, ಗಂಟೆಗಳು ಕಳೆದಂತೆ ಹಾನಿಯು ಹಬ್ಬುವುದು. ಮುರಿದ ಮೂಳೆ ಅಲುಗಾಡಿದರೆ ಉಳಿದ ಎಳೆಗಳೂ ನಷ್ಟವಾಗಬಹುದು. ಆದುದರಿಂದ ಬಿದ್ದವನನ್ನು ಎಬ್ಬಿಸಿ ಕೂರಿಸಕೂಡದು, ನೀರು ಕುಡಿಸಕೂಡದು. ತಲೆ ಕುತ್ತಿಗೆಗಳು ಅಲುಗದಂತೆ ಒಬ್ಬರು ಹಿಡಿದಿರಬೇಕು, ೧೦೮ಕ್ಕೆ ಕರೆಮಾಡಬೇಕು. ಸಾಗಿಸಲೇಬೇಕಾದರೆ ನಾಲ್ಕೈದು ಮಂದಿ ಒಟ್ಟಿಗೆ ಕೈಗೂಡಿಸಿ, ತಲೆಯಿಂದ ಸೊಂಟದವರೆಗೆ ಒಂದೇ ನೇರವಿರುವಂತೆ ಗಟ್ಟಿಯಾದ ಹಲಗೆಯ ಮೇಲೆ ಸರಿಸತಕ್ಕದ್ದು.

ನಡೆಯಲಾರದಿರುವುದೊಂದೇ ಈ ಪೆಟ್ಟಿನ ಫಲವೆಂದು ಬಹುಮಂದಿ ತಿಳಿದಿದ್ದಾರೆ. ಆದರೆ ದೇಹದ ಒಳಗಣ ವ್ಯಾಪಾರಗಳಲ್ಲಿ ಇದರಿಂದ ಕದಲದಿರುವುದು ಕೊಂಚವೇ. ಉಸಿರಾಟಕ್ಕೆ ಮುಖ್ಯವಾದ ವಪೆಯ ನರಗಳು ಕುತ್ತಿಗೆಯ ಮೂರು, ನಾಲ್ಕು, ಐದನೆಯ ನರಗಳಿಂದ ಬರುವುವು. ಪೆಟ್ಟು ಅದಕ್ಕಿಂತ ಮೇಲಾದರೆ ಯಂತ್ರದ ನೆರವಿಲ್ಲದೆ ಉಸಿರಾಡುವುದು ಅಸಾಧ್ಯ. ಕೆಳಗಾದರೂ ಎದೆ ಹೊಟ್ಟೆಗಳ ಸ್ನಾಯುಗಳು ಸೋತಿರುವುದರಿಂದ ಕೆಮ್ಮಲು ಬಲ ಸಾಲದೆ ಕಫ ಉಳಿಯುವುದು. ರಕ್ತನಾಳಗಳನ್ನು ಬಿಗಿಯಾಗಿಡುವ ನರಗಳು ಎದೆಯ ಮಟ್ಟದಲ್ಲಿ ಹುರಿಯಿಂದ ಹೊರಡುವುವು. ಹೃದಯದ ವೇಗವನ್ನು ತಗ್ಗಿಸುವ ನರವಾದರೋ ಮೆದುಳಿನಿಂದ ನೇರವಾಗಿ ಬರುವುದು. ಮೊದಲನೆಯವು ಕಡಿದು ಎರಡನೆಯದು ಉಳಿದಾಗ ರಕ್ತದ ಒತ್ತಡ ಇಳಿದು ನಾಡಿ ಮಂದವಾಗುವುದು. ಇಂಥವರನ್ನು ಫಕ್ಕನೆ ಕೂರಿಸಿದರೆ ಕಣ್ಣು ಕತ್ತಲೆ ಬರುವುದು ಇದರಿಂದಲೇ. ಪೆಟ್ಟಿನ ಕೆಳಗೆ ಬೆವರುವುದೂ ನಡುಗುವುದೂ ನಿಂತುಹೋಗುವುದರಿಂದ ಬೇಸಗೆಯ ತಾಪವನ್ನೂ ಚಳಿಯನ್ನೂ ದೇಹವು ತಾನಾಗಿ ಸರಿದೂಗಿಸಲಾರದು.

ಮೊದಲ ಕೆಲವು ವಾರಗಳು ಕಾಲುಗಳು ಜೋತುಬಿದ್ದಿರುವುವು. ಬಳಿಕ ಒಂದು ದಿನ ಅವು ತಾವಾಗಿ ಸೆಳೆದುಕೊಳ್ಳತೊಡಗುವುವು. ಮನೆಯವರು ಹಿಗ್ಗಿ, ದೇವರು ಕಣ್ಣು ತೆರೆದನೆನ್ನುವರು. ಆದರೆ ಅಯ್ಯೋ! ಅದು ಮೆದುಳಿನ ಅಪ್ಪಣೆಯಿಂದಾದ ಚಲನೆಯಲ್ಲ. ಕೆಳಗಣ ಹುರಿಯು ಮೇಲಿನ ಹಿಡಿತ ತಪ್ಪಿ ತನ್ನಷ್ಟಕ್ಕೆ ತಾನೇ ಮಾಡುವ ಪ್ರತಿಕ್ರಿಯೆ. ಕೈಕಾಲಿನ ನರವು ಕಡಿದರೆ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಚಿಗುರಬಲ್ಲದು; ಬೆನ್ನುಹುರಿಯ ಎಳೆಗಳಿಗೆ ಆ ಶಕ್ತಿಯಿಲ್ಲ. ಅವನ್ನು ಮರಳಿ ಬೆಳೆಯಿಸುವ ಔಷಧ ಇಂದಿಗೂ ಸಿದ್ಧವಾಗಿಲ್ಲ. ಮೊದಲೇ ಸ್ವಲ್ಪ ಶಕ್ತಿ ಉಳಿದವರು ವ್ಯಾಯಾಮದಿಂದ ಸುಧಾರಿಸುವುದುಂಟು. ಆದರೆ ತೈಲ, ಮೂಲಿಕೆಗಳಿಂದ ಹುರಿಯನ್ನು ಬೆಸೆಯುವೆವೆಂದು ಹೇಳುವವರ ಮಾತು ನಂಬಿ ಹೊಲಮನೆಗಳನ್ನು ಮಾರಿಕೊಳ್ಳಬಾರದು. ಆ ಹಣವು ರೋಗಿಯ ಆರೈಕೆಗೆ ಬೇಕಾಗಿರುವುದು.

ಏಕೆಂದರೆ ಇಂಥವರ ಪ್ರಾಣವನ್ನು ಹಿಂದೆ ತೆಗೆಯುತ್ತಿದ್ದುದು ಬಹುಮಟ್ಟಿಗೆ ಹುರಿಯ ಗಾಯವಲ್ಲ. ಹಾಸಿಗೆಯ ಹುಣ್ಣೂ ಮೂತ್ರಪಿಂಡದ ರೋಗವೂ. ನೋವು ತಿಳಿಯದ ಮೈ ಒಂದೇ ಮಗ್ಗುಲಾಗಿದ್ದರೆ ಒತ್ತಿದ ಕಡೆ ರಕ್ತ ಹರಿಯದೆ ಮಾಂಸ ಕೊಳೆಯುವುದು. ೧೯೪೪ನೆಯ ಇಸವಿಯಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಯುದ್ಧದ ಗಾಯಾಳುಗಳಿಗಾಗಿ ತೆರೆದ ವಿಭಾಗದ ಮುಖ್ಯಸ್ಥರಾದ ಡಾಕ್ಟರ್ ಲುಡ್ವಿಗ್ ಗುಟ್‌ಮನ್ನರು, ರೋಗಿಯನ್ನು ಹಗಲಿರುಳೂ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ನಿಯಮವನ್ನು ಜಾರಿಗೆ ತಂದರು. ಸಾಯುವರೆಂದು ಕೈಬಿಟ್ಟಿದ್ದ ಸಿಪಾಯಿಗಳು ಎದ್ದು ಕುಳಿತರು. ೧೯೪೮ರಲ್ಲಿ ಅವರು ೧೬ ಮಂದಿಯಿಂದ ಗಾಲಿಕುರ್ಚಿಯಲ್ಲಿಯೇ ಬಿಲ್ವಿದ್ಯೆಯ ಪಂದ್ಯವಾಡಿಸಿದರು. ಇಂದಿನ ಪ್ಯಾರಾಲಿಂಪಿಕ್ಸ್ ಕ್ರೀಡೆಗಳಿಗೆ ಅದೇ ಮೂಲ.

ಮಗ್ಗುಲು ಬದಲಿಸುವ ಕೆಲಸಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಮನೆಯ ತಾಯಿಯೋ ತಮ್ಮನೋ ಮಾಡಬಲ್ಲರು. ಪ್ರತಿದಿನವೂ ಬೆನ್ನು, ಪೃಷ್ಠ, ಹಿಮ್ಮಡಿಗಳನ್ನು ನೋಡಿ, ಕೆಂಪಾದೆಡೆಗೆ ಒತ್ತು ಬೀಳದಂತೆ ಕಾಯಬೇಕು. ಮೂತ್ರಕೋಶವು ತುಂಬಿದುದು ರೋಗಿಗೆ ತಿಳಿಯದು. ತುಂಬಿ ನಿಂತ ಮೂತ್ರವು ಹಿಂದಕ್ಕೊತ್ತಿ ಮೂತ್ರಪಿಂಡವನ್ನು ಕೆಡಿಸುವುದು. ಆದುದರಿಂದ ನಾಲ್ಕರಿಂದ ಆರು ಗಂಟೆಗೊಮ್ಮೆ ಶುದ್ಧವಾದ ನಳಿಕೆಯಿಂದ ಅದನ್ನು ಬರಿದುಮಾಡುವ ಕ್ರಮವನ್ನು ವೈದ್ಯರಿಂದ ಕಲಿತುಕೊಳ್ಳಬೇಕು. ಹೆಣ್ಣುಮಕ್ಕಳ ಋತುಧರ್ಮವು ಸಾಧಾರಣವಾಗಿ ಕೆಲವು ತಿಂಗಳಲ್ಲಿ ಮರಳುವುದು. ತಾಯಿಯಾಗುವುದಕ್ಕೂ ಈ ಪೆಟ್ಟು ಅಡ್ಡಿಯಲ್ಲ.

ಇನ್ನೊಂದು ಅಪಾಯವನ್ನು ಹೇಳದಿದ್ದರೆ ನಮ್ಮ ಕೆಲಸ ಪೂರ್ತಿಯಾಗದು. ಎದೆಯ ಆರನೆಯ ನರದ ಮಟ್ಟದಲ್ಲಿಯೋ ಅದಕ್ಕೂ ಮೇಲೋ ಪೆಟ್ಟಾದವರಿಗೆ ಮೂತ್ರ ಕಟ್ಟಿದರೆ, ಮಲ ಗಟ್ಟಿಯಾದರೆ, ಉಡುಪು ಬಿಗಿದರೆ ಸಾಕು, ರಕ್ತದ ಒತ್ತಡವು ಒಮ್ಮೆಗೇ ಏರಿಬಿಡಬಹುದು. ತಲೆ ಸಿಡಿಯುವಂಥ ನೋವು, ಮುಖ ಕೆಂಪೇರುವುದು, ಹಣೆಯಲ್ಲಿ ಬೆವರು—ಇವು ಅದರ ಗುರುತು. ಕೂಡಲೇ ರೋಗಿಯನ್ನು ನೇರವಾಗಿ ಕುಳ್ಳಿರಿಸಿ, ಉಡುಪು ಸಡಿಲಿಸಿ, ಮೂತ್ರ ಹರಿಯುವಂತೆ ಮಾಡಿ ವೈದ್ಯರನ್ನು ಕರೆಯಬೇಕು; ತಡವಾದರೆ ಮೆದುಳಿನಲ್ಲಿ ರಕ್ತಸ್ರಾವವಾಗುವ ಭಯವುಂಟು.

ಇಷ್ಟೆಲ್ಲ ಕಷ್ಟವಿದ್ದ ಮೇಲೆ ಬದುಕಿ ಫಲವೇನೆಂದು ಕೇಳುವವರಿಗೆ ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸರ ಚರಿತ್ರೆಯೇ ಉತ್ತರ. ೧೯೫೪ರಲ್ಲಿ ಮೋಟಾರು ಅಪಘಾತದಿಂದ ಈ ತರುಣ ವೈದ್ಯೆಯ ಕಾಲುಗಳು ನಿಶ್ಚೇಷ್ಟಿತವಾದುವು. ಆಕೆ ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ನಡೆಸಿದರು. ಬಳಿಕ ನ್ಯೂಯಾರ್ಕಿನಲ್ಲಿ ತರಬೇತಿ ಪಡೆದು ಬಂದು, ತಮ್ಮಂತೆಯೇ ಪೆಟ್ಟಾದವರನ್ನು ಬದುಕಿಗೆ ಮರಳಿಸುವ ವಿಭಾಗವನ್ನು ವೆಲ್ಲೂರಿನಲ್ಲಿ ನಡೆಯಿಸಿದರು. ೧೯೬೬ರಲ್ಲಿ ಅಲ್ಲಿ ಪುನರ್ವಸತಿ ಸಂಸ್ಥೆಯೇ ತೆರೆಯಿತು. ೧೯೭೨ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು.

ಎಲ್ಲರೂ ಶಸ್ತ್ರವೈದ್ಯರಾಗಲಾರರು, ದಿಟ. ಆದರೆ ಬಾಗಿಲನ್ನು ಸ್ವಲ್ಪ ಅಗಲಮಾಡಿ, ಮೆಟ್ಟಿಲಿನ ಬದಲು ಇಳಿಜಾರು ಕಟ್ಟಿಸಿ, ಕುಳಿತು ಮಾಡುವ ಒಂದು ಕೆಲಸವನ್ನು ಒದಗಿಸಿಕೊಟ್ಟರೆ, ಹಿಂದಣ ಕೋಣೆಯಲ್ಲಿ ಮಲಗಿರುವ ಮಗನು ಮತ್ತೆ ಜಗಲಿಗೆ ಬರಬಲ್ಲನು. ವಾಚಕರ ನಂಟರಲ್ಲಿಯೋ ಊರಿನಲ್ಲಿಯೋ ಅಂಥವರು ಯಾರಾದರೂ ಇದ್ದರೆ, ಈ ತಿಂಗಳು ಒಮ್ಮೆ ಹೋಗಿ ನೋಡಿಬರಬೇಕೆಂದು ನಮ್ಮ ಪ್ರಾರ್ಥನೆ.