ಶೋಕ ಮತ್ತು ವ್ಯಾಧಿಯ ಗಡಿ: ‘ನೆಕ್ಸ್ಟ್ ಟು ನಾರ್ಮಲ್’ ಸಂಗೀತ ನಾಟಕ

ಅಮೆರಿಕದ ಸಂಗೀತ ನಾಟಕವೆಂದರೆ ಹಾಸ್ಯ, ಪ್ರಣಯ ಮತ್ತು ವೈಭವದ ರಂಗಸಜ್ಜಿಕೆ ಎಂಬ ಭಾವನೆ ಸಾಮಾನ್ಯವಾಗಿದೆ. ಮನೋರೋಗದಂತಹ ವಸ್ತುವನ್ನೂ ಹಾಡಿನ ಮೂಲಕ ನಿರ್ವಹಿಸಬಹುದೆಂಬುದಕ್ಕೆ ‘ನೆಕ್ಸ್ಟ್ ಟು ನಾರ್ಮಲ್’ ಒಂದು ಗಮನಾರ್ಹ ನಿದರ್ಶನ. ಟಾಮ್ ಕಿಟ್ ಇದರ ಸಂಗೀತ ಸಂಯೋಜಕರು. ಸಂಭಾಷಣೆ ಮತ್ತು ಗೀತೆಗಳು ಬ್ರಯಾನ್ ಯಾರ್ಕಿ ಅವರವು. ಇವರಿಬ್ಬರೂ 1998ರಲ್ಲಿ ರಚಿಸಿದ, ವಿದ್ಯುತ್ ಚಿಕಿತ್ಸೆಗೆ ಒಳಗಾಗುವ ಮಹಿಳೆಯೊಬ್ಬಳನ್ನು ಕುರಿತ ಹತ್ತು ನಿಮಿಷಗಳ ಕಿರುರೂಪಕವೇ ಈ ಕೃತಿಯ ಮೂಲ. 2008ರ ಪ್ರಯೋಗದ ತರುವಾಯ ಕೃತಿಯನ್ನು ಪರಿಷ್ಕರಿಸಲಾಯಿತು. ಕುಟುಂಬದ ದುಃಖ ಅದರ ಕೇಂದ್ರವಾಯಿತು. ಮೈಕೇಲ್ ಗ್ರೈಫ್ ಅವರ ನಿರ್ದೇಶನದಲ್ಲಿ 2009ರ ಏಪ್ರಿಲ್ 15ರಂದು ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೆ ಬಂದ ನಾಟಕ 2011ರ ಜನವರಿಯವರೆಗೆ 733 ಪ್ರದರ್ಶನಗಳನ್ನು ಕಂಡಿತು. 2010ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದು, ಆ ಗೌರವಕ್ಕೆ ಪಾತ್ರವಾದ ಎಂಟನೆಯ ಸಂಗೀತ ನಾಟಕವೆನಿಸಿತು.

ಕಥಾನಾಯಕಿ ಡಯಾನಾ ಉನ್ಮಾದ ಮತ್ತು ಖಿನ್ನತೆಗಳ ನಡುವೆ ತೂಗಾಡುವ ಬೈಪೋಲಾರ್ ವ್ಯಾಧಿಯಿಂದ ಬಳಲುತ್ತಿರುವ ಗೃಹಿಣಿ. ಪತಿ ಡಾನ್, ಮಗಳು ನಟಾಲಿ ಮತ್ತು ಹದಿನೆಂಟರ ಅಂಚಿನಲ್ಲಿರುವ ಮಗ ಆರಂಭದಿಂದಲೇ ರಂಗದ ಮೇಲಿದ್ದಾರೆ. ತಾಯಿ ಮಗನ ಹುಟ್ಟುಹಬ್ಬದ ಕೇಕನ್ನು ಹಿಡಿದು ಬಂದಾಗಲಷ್ಟೇ ಸತ್ಯ ಹೊರಬೀಳುತ್ತದೆ: ಆ ಮಗ ಶೈಶವದಲ್ಲೇ ತೀರಿಹೋದವನು. ಅಲ್ಲಿಯವರೆಗೆ ಪ್ರೇಕ್ಷಕರೂ ಅವನನ್ನು ಬದುಕಿರುವವನೆಂದೇ ನಂಬಿರುತ್ತಾರೆ. ಹೀಗೆ ಡಯಾನಾಳ ಭ್ರಮೆಯನ್ನು ಹೊರಗಿನಿಂದ ನೋಡಿ ಮರುಗುವ ಅವಕಾಶವನ್ನು ನಾಟಕ ನೀಡುವುದಿಲ್ಲ. ಪ್ರೇಕ್ಷಕರನ್ನೂ ಆ ಭ್ರಮೆಯಲ್ಲಿ ಪಾಲುದಾರರನ್ನಾಗಿಸುತ್ತದೆ. ಮಗನ ಪಾತ್ರಕ್ಕೆ ದೊರೆತ ರಾಕ್ ಶೈಲಿಯ ಉತ್ಸಾಹಭರಿತ ಗೀತೆಗಳು ಆ ಭ್ರಮೆಯ ಆಕರ್ಷಣೆಯನ್ನು ಇನ್ನಷ್ಟು ಗಾಢಗೊಳಿಸುತ್ತವೆ.

ಚಿಕಿತ್ಸೆಯ ಚಿತ್ರಣವೂ ಸರಳವಾಗಿಲ್ಲ. ಔಷಧಿಗಳು ಡಯಾನಾಳ ನೋವಿನೊಂದಿಗೆ ಉಲ್ಲಾಸವನ್ನೂ ಕಸಿದುಕೊಳ್ಳುತ್ತವೆ. ಅವಳು ಅವನ್ನು ತ್ಯಜಿಸುತ್ತಾಳೆ. ಆತ್ಮಹತ್ಯಾ ಯತ್ನದ ನಂತರ ನಡೆಯುವ ವಿದ್ಯುತ್ ಚಿಕಿತ್ಸೆಯಿಂದ ಹಲವು ವರ್ಷಗಳ ನೆನಪು ಅಳಿಸಿಹೋಗುತ್ತದೆ. ಅರಿವಳಿಕೆ ಮತ್ತು ಸ್ನಾಯುಸಡಿಲಕಗಳೊಡನೆ ನೀಡಲಾಗುವ ಇಂದಿನ ಚಿಕಿತ್ಸೆಯಲ್ಲಿ ಈ ಪ್ರಮಾಣದ ಮರೆವು ಅಪರೂಪವೆಂಬುದನ್ನು ಇಲ್ಲಿ ಹೇಳಲೇಬೇಕು. ಆದರೆ ನಾಟಕದ ಲಕ್ಷ್ಯ ವೈದ್ಯಶಾಸ್ತ್ರದ ನಿಂದೆಯಲ್ಲ. ಮರೆವಿನೊಂದಿಗೆ ಶೋಕವೂ ಅಳಿಯುವುದಾದರೆ, ಉಳಿಯುವ ಬದುಕು ಯಾರದು ಎಂಬುದು ಅದರ ಪ್ರಶ್ನೆ.

ಈ ಪ್ರಶ್ನೆ ಮನೋವೈದ್ಯಶಾಸ್ತ್ರದಲ್ಲಿಯೂ ಇತ್ಯರ್ಥವಾಗಿರಲಿಲ್ಲ. ಅಮೆರಿಕದ ಮನೋವೈದ್ಯರ ಸಂಘದ 1994ರ ರೋಗನಿರ್ಣಯ ಕೈಪಿಡಿಯು ಆಪ್ತರ ಮರಣಾನಂತರದ ಎರಡು ತಿಂಗಳ ಖಿನ್ನತೆಯನ್ನು ಸಾಮಾನ್ಯವಾಗಿ ವ್ಯಾಧಿಯ ಲೆಕ್ಕದಿಂದ ಹೊರಗಿಟ್ಟಿತ್ತು. 2013ರ ಆವೃತ್ತಿ ಆ ವಿನಾಯಿತಿಯನ್ನು ಕೈಬಿಟ್ಟಿತು. 2022ರ ಪರಿಷ್ಕರಣೆಯು, ವಯಸ್ಕರಲ್ಲಿ ವರ್ಷ ಕಳೆದರೂ ಬದುಕನ್ನು ಕುಂಠಿತಗೊಳಿಸುವ ತೀವ್ರ ಶೋಕವನ್ನು ಪ್ರತ್ಯೇಕ ವ್ಯಾಧಿಯೆಂದು ಸೇರಿಸಿತು. ಶೋಕಕ್ಕೆ ಗಡುವು ವಿಧಿಸುವ ಕಷ್ಟ ಈ ಬದಲಾವಣೆಗಳಲ್ಲಿ ಕಾಣುತ್ತದೆ. ಚಿಕಿತ್ಸೆ ಆರಂಭಿಸಲು ವೈದ್ಯರಿಗೆ ಗಡಿಯೊಂದು ಬೇಕು. ಮಗುವನ್ನು ಕಳೆದುಕೊಂಡ ತಾಯಿಗೆ ಅಂತಹ ಗಡಿ ಅರ್ಥವಾಗುವುದಿಲ್ಲ.

ನಾಟಕದ ಮಹತ್ವದ ಒಳನೋಟವಿರುವುದು ಡಾನ್‌ನ ಪಾತ್ರದಲ್ಲಿ. ಪತ್ನಿಯನ್ನು ನಿಷ್ಠೆಯಿಂದ ಆರೈಕೆ ಮಾಡುವ ಈತ ಮಗನ ಹೆಸರನ್ನು ಮಾತ್ರ ಎತ್ತುವುದಿಲ್ಲ. ಅವನ ಸಹನೆಯ ಅಡಿಯಲ್ಲಿ ಇರುವುದು ಅದುಮಿಟ್ಟ ದುಃಖ. ಸತ್ತ ಅಣ್ಣನ ನೆರಳಿನಲ್ಲಿ ಬೆಳೆದ ನಟಾಲಿ, ತಾನು ಕಣ್ಣೆದುರಿಗಿದ್ದೂ ಹೆತ್ತವರಿಗೆ ಕಾಣದವಳಾಗಿದ್ದಾಳೆ. ಡಯಾನಾ ಮನೆ ತೊರೆದ ಬಳಿಕ ಡಾನ್ ಮೊದಲ ಬಾರಿಗೆ ಮಗನನ್ನು ನೋಡುತ್ತಾನೆ, ಗೇಬ್ರಿಯಲ್ ಎಂದು ಹೆಸರಿಡಿದು ಕರೆಯುತ್ತಾನೆ. ರೋಗಿಯೆಂದು ಗುರುತಿಸಲ್ಪಟ್ಟವಳು ಒಬ್ಬಳೇ ಆದರೂ ಶೋಕ ಇಡೀ ಮನೆಯದಾಗಿತ್ತೆಂಬುದು ಆ ಒಂದು ಹೆಸರಿನಿಂದ ಸ್ಪಷ್ಟವಾಗುತ್ತದೆ.

ನಾಟಕದ ಕೊನೆಯಲ್ಲಿ ಯಾರೂ ಸಂಪೂರ್ಣ ಗುಣಮುಖರಾಗುವುದಿಲ್ಲ. ಶೋಕವನ್ನು ಸ್ಥಾಯಿಭಾವವಾಗಿಸಿ ಕರುಣರಸವನ್ನು ವಿವರಿಸಿದ ಭಾರತೀಯ ಕಾವ್ಯಮೀಮಾಂಸೆಯ ಪರಿಚಯವುಳ್ಳವರಿಗೆ ಈ ಮುಕ್ತಾಯ ಅಪರಿಚಿತವೆನಿಸದು. ದುಃಖದ ನಿವಾರಣೆಗಿಂತ ಅದನ್ನು ಹಂಚಿಕೊಳ್ಳುವುದೇ ಇಲ್ಲಿ ಸಾಂತ್ವನದ ಮಾರ್ಗವಾಗಿದೆ.