ಬಣ್ಣದ ಮಂಜನ್ನು ಹೊರಗಟ್ಟುವ ಪೆಟ್ಟಿಗೆ

ಗೌರಿ-ಗಣೇಶ ಹಬ್ಬ ಹತ್ತಿರ ಬಂತೆಂದರೆ ಮಣ್ಣಿನ ಮೂರ್ತಿ ಮಾಡುವವರ ಮನೆಯಲ್ಲಿ ಕಂಪ್ರೆಸರ್ ಸದ್ದು ನಿಲ್ಲುವುದಿಲ್ಲ. ಶಾಲೆಯ ವಸ್ತುಪ್ರದರ್ಶನಕ್ಕೆ ಮಧುಗಿರಿ ಕೋಟೆಯ ಮಾದರಿ ಮಾಡುವ ಮೇಷ್ಟ್ರಿಗೂ, ಪುಟ್ಟ ವಿಮಾನದ ಕಿಟ್ ಜೋಡಿಸುವ ಹುಡುಗನಿಗೂ ಏರ್‌ಬ್ರಷ್ ಕೊಡುವ ನಯ ಕುಂಚದಲ್ಲಿ ಸಿಗುವುದಿಲ್ಲ. ಆದರೆ ಗನ್ನಿನಿಂದ ಹೊರಟ ಬಣ್ಣವೆಲ್ಲ ವಸ್ತುವಿಗೆ ಅಂಟುವುದಿಲ್ಲ. ಉಳಿದದ್ದು ಮಂಜಾಗಿ ಕೋಣೆಯಲ್ಲೇ ತೇಲುತ್ತದೆ, ಕೆಲಸ ಮಾಡುವವರ ಎದೆಯೊಳಗೂ ಹೋಗುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಮೂರ್ತಿಗಳಿಗೆ ವಿಷಕಾರಿ ಬಣ್ಣ ಬೇಡ ಎನ್ನುತ್ತದೆ. ಅದು ಕೆರೆಯ ನೀರಿನ ಕಾಳಜಿ. ಬಣ್ಣ ಹೊಡೆಯುವವರ ಶ್ವಾಸಕೋಶದ ಕಾಳಜಿಯನ್ನು ನಾವೇ ಮಾಡಿಕೊಳ್ಳಬೇಕು.

ಅದಕ್ಕೆ ಬೇಕಾದದ್ದು ಒಂದು ಪೆಟ್ಟಿಗೆ, ಒಂದು ಎಕ್ಸಾಸ್ಟ್ ಫ್ಯಾನ್. ಹೆಚ್ಚಿನವರು ಎಡವುವುದು ಇವೆರಡರ ಲೆಕ್ಕದಲ್ಲಿ. ಮಂಜು ಹಿಂದಕ್ಕೆ ಬಾರದಿರಬೇಕಾದರೆ ಪೆಟ್ಟಿಗೆಯ ಬಾಯಲ್ಲಿ ಗಾಳಿ ನಿಮಿಷಕ್ಕೆ ಸುಮಾರು 100 ಅಡಿ ವೇಗದಲ್ಲಿ ಒಳಗೆ ಸರಿಯಬೇಕು. ಬಾಯಿ 2 ಅಡಿ ಅಗಲ, ಒಂದೂವರೆ ಅಡಿ ಎತ್ತರ ಇದ್ದರೆ 3 ಚದರ ಅಡಿ. ಅಂದರೆ ನಿಮಿಷಕ್ಕೆ 300 ಘನ ಅಡಿ ಗಾಳಿ. ಫ್ಯಾನಿನ ಡಬ್ಬದ ಮೇಲೆ ಗಂಟೆಗೆ ಇಷ್ಟು ಘನ ಮೀಟರ್ ಎಂದು ಬರೆದಿರುತ್ತಾರೆ. 300ನ್ನು 1.7ರಿಂದ ಗುಣಿಸಿದರೆ 510. ಮಂಜು ಹಿಡಿಯುವ ಫಿಲ್ಟರ್, ಗಾಳಿ ಹೊರಗೊಯ್ಯುವ ಪೈಪು ತಿನ್ನುವ ಪಾಲು ಸೇರಿಸಿ, ಅದಕ್ಕಿಂತ ಅರ್ಧದಷ್ಟು ಹೆಚ್ಚೇ ಇರುವುದನ್ನು ಕೇಳಿ ತನ್ನಿ. ಬಚ್ಚಲಿಗೆ ಹಾಕುವ 6 ಇಂಚಿನದು ಸಾಲದು. 9 ಇಂಚಿನದು ನೋಡಿ. ಖರ್ಚಿನಲ್ಲಿ ದೊಡ್ಡ ಪಾಲು ಇದರದೇ.

ಪೆಟ್ಟಿಗೆಗೆ ಟಿವಿ, ಫ್ರಿಜ್ ಬಂದ ದಪ್ಪ ರಟ್ಟು ಸಾಕು. ಬಾಳಿಕೆ ಬೇಕಾದರೆ ಪ್ಲೈವುಡ್. ಥರ್ಮಾಕೋಲ್ ಮಾತ್ರ ಬೇಡ, ತಿನ್ನರ್ ಸೋಕಿದರೆ ಕರಗುತ್ತದೆ. ಒಳಗೋಡೆಗೆ ಬಿಳಿ ಹಾಳೆ ಅಂಟಿಸಿ, ಮೇಲೆ ಎಲ್‌ಇಡಿ ಪಟ್ಟಿ ಹಾಕಿ. ಹಿಂಬದಿಯ ಫ್ಯಾನಿಗೆ ಫಿಲ್ಟರನ್ನು ತಾಗಿಸಿ ಕೂರಿಸಬೇಡಿ, ನಡುವೆ ಮೂರು ನಾಲ್ಕು ಇಂಚು ಬಿಡಿ. ತಾಗಿಸಿದರೆ ಫಿಲ್ಟರಿನ ನಡುಭಾಗವಷ್ಟೇ ಎಳೆಯುತ್ತದೆ, ಅಂಚುಗಳು ಸತ್ತಿರುತ್ತವೆ.

ಇದನ್ನು ಕಣ್ಣಾರೆ ನೋಡಬಹುದು. ಬಣ್ಣ, ತಿನ್ನರ್ ಡಬ್ಬ ತೆರೆಯುವ ಮೊದಲೇ ಒಂದು ಊದುಬತ್ತಿ ಹಚ್ಚಿ, ಫ್ಯಾನ್ ಹಾಕಿ, ಪೆಟ್ಟಿಗೆಯ ಬಾಯಲ್ಲಿ ನಾಲ್ಕು ಮೂಲೆಗೂ ಹಿಡಿಯಿರಿ. ಹೊಗೆ ದಾರದಂತೆ ನೇರ ಒಳಗೆ ಹೋದರೆ ಸರಿ. ಕೆಳಮೂಲೆಯಲ್ಲಿ ಸುರುಳಿ ಸುತ್ತಿ ನಿಮ್ಮ ಮುಖದತ್ತ ಬಂದರೆ ಹಿಂದಿನ ಜಾಗ ಹೆಚ್ಚಿಸಿ, ಇಲ್ಲವೇ ರಟ್ಟಿನ ಪಟ್ಟಿ ಅಂಟಿಸಿ ಬಾಯಿ ಕಿರಿದು ಮಾಡಿ. ಎರಡನೆಯದು ದುಡ್ಡಿಲ್ಲದ ಉಪಾಯ, ನನಗೆ ಅದೇ ಮೆಚ್ಚು.

ಇನ್ನು ನಮ್ಮ ಸೀಮೆಯದೇ ಒಂದು ತೊಡಕು. ಫ್ಯಾನ್ ಎಷ್ಟು ಗಾಳಿ ಹೊರಗೆ ಹಾಕುತ್ತದೋ ಅಷ್ಟೇ ಗಾಳಿ ಬಾಗಿಲ ಸಂದಿಯಿಂದ ಒಳಗೆ ಬರಬೇಕು. ಪಾವಗಡ, ಶಿರಾದ ಬಯಲಲ್ಲಿ ಅದು ಬರಿಗೈಲಿ ಬರುವುದಿಲ್ಲ, ದೂಳು ಹೊತ್ತು ತಂದು ಹಸಿ ಬಣ್ಣದ ಮೇಲೆ ಕೂರಿಸುತ್ತದೆ. ಪೆಟ್ಟಿಗೆಯ ಎದುರಿನ ಬಾಗಿಲಿಗೆ ಒದ್ದೆ ಪಂಚೆ ಇಳಿಬಿಟ್ಟರೆ ದೂಳು ಅಲ್ಲೇ ನಿಲ್ಲುತ್ತದೆ, ಒಣಹವೆಗೂ ಒಂದಿಷ್ಟು ತೇವ ಸಿಗುತ್ತದೆ. ಬೇಸಿಗೆಯಲ್ಲಿ ಅಕ್ರಿಲಿಕ್ ಬಣ್ಣ ಏರ್‌ಬ್ರಷ್ಷಿನ ಸೂಜಿಯ ತುದಿಯಲ್ಲೇ ಒಣಗಿ ಕಟ್ಟಿಕೊಳ್ಳುವುದೂ ಇದರಿಂದ ತಗ್ಗುತ್ತದೆ. ಫ್ಯಾನಿನ ಹೊರಬದಿಗೆ ತಾನೇ ಮುಚ್ಚಿಕೊಳ್ಳುವ ಶಟರ್ ಹಾಕಿಸಿ, ಇಲ್ಲದಿದ್ದರೆ ಎದುರುಗಾಳಿ ಎಲ್ಲವನ್ನೂ ಒಳಕ್ಕೇ ತಳ್ಳುತ್ತದೆ. ಪೈಪು ಆದಷ್ಟು ಗಿಡ್ಡ, ಅಗಲ ಇರಲಿ. ಫ್ಯಾನು ಕಿಟಕಿಗೇ ಕೂತರೆ ಇನ್ನೂ ಒಳ್ಳೆಯದು. ಕಂಪ್ರೆಸರ್ ಒತ್ತಡವನ್ನು 15–20 ಪಿಎಸ್‌ಐಗೆ ಇಳಿಸಿದರೆ ಮಂಜೇ ಕಡಿಮೆ ಏಳುತ್ತದೆ.

ಈ ಪೆಟ್ಟಿಗೆ ನೀರು ಬೆರೆಸುವ ಬಣ್ಣಕ್ಕೆ ಮಾತ್ರ ಎಂದು ಇಟ್ಟುಕೊಳ್ಳಿ. ಎನ್‌ಸಿ ತಿನ್ನರಿನ ಆವಿಗೆ ಒಂದು ಕಿಡಿ ಸಾಕು. ಸಾದಾ ಫ್ಯಾನು, ಸ್ವಿಚ್ಚು ಅದಕ್ಕೆ ತಕ್ಕಂತೆ ಮಾಡಿದವಲ್ಲ. ಒತ್ತಿದರೆ ಚಿಮ್ಮುವ ಸ್ಪ್ರೇ ಡಬ್ಬಿಯೂ ಇದರೊಳಗೆ ಬೇಡ, ಅದರಲ್ಲಿರುವ ಅನಿಲವೂ ಹೊತ್ತಿಕೊಳ್ಳುವಂಥದ್ದೇ. ಅವಕ್ಕೆ ಬಯಲೇ ಜಾಗ, ಇದ್ದಿಲಿನ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಕಡ್ಡಾಯ. ಎನ್‌95 ಮಾಸ್ಕ್ ಬಣ್ಣದ ಹನಿಯನ್ನು ತಡೆಯುತ್ತದೆ, ಆವಿಯನ್ನಲ್ಲ. ಕೆಲಸ ಮುಗಿದ ಮೇಲೂ ಹತ್ತು ನಿಮಿಷ ಫ್ಯಾನ್ ತಿರುಗಲಿ. ಊದುಬತ್ತಿಯ ಹೊಗೆ ಮಂದವಾಗಿ ಸರಿಯತೊಡಗಿದ ದಿನ ಫಿಲ್ಟರ್ ಬದಲಿಸಿ.